ಚೌಕದ ಎಂಟು, ತಲೆಯ ಮೇಲಿನ ಡಮರು

ತಂತಿ ಕಟ್ಟಿ ಮಾದರಿ ವಿಮಾನ ಹಾರಿಸುವ ಕಂಟ್ರೋಲ್ ಲೈನ್ ಸ್ಟಂಟ್ ಸ್ಪರ್ಧೆಯ ಅಂತಾರಾಷ್ಟ್ರೀಯ ನಿಯಮಗಳಲ್ಲಿ ಪ್ರತಿ ಕಸರತ್ತಿಗೂ ಒಂದು ಗುಣಕ ಗೊತ್ತುಮಾಡಿದ್ದಾರೆ. ತೀರ್ಪುಗಾರರು ಹತ್ತಕ್ಕೆ ಇಷ್ಟು ಎಂದು ಕೊಟ್ಟ ಅಂಕವನ್ನು ಆ ಗುಣಕದಿಂದ ಗುಣಿಸುತ್ತಾರೆ. ಮೂರು ದುಂಡು ಲೂಪ್‌ಗಳಿಗೆ 6, ಚೌಕ ಲೂಪ್‌ಗಳಿಗೆ 12, ತ್ರಿಕೋನಕ್ಕೆ 14. ಎಲ್ಲಕ್ಕಿಂತ ಹೆಚ್ಚು, ಅಂದರೆ 18, ಸಿಗುವುದು ಅಡ್ಡಲಾಗಿ ಬಿಡಿಸುವ ಚೌಕದ ಎಂಟಿಗೆ. ನೆಲದ ಹತ್ತಿರದಿಂದ ನೆತ್ತಿಯವರೆಗೆ ಏರಿ, ಡಮರುವಿನ ಆಕಾರ ಬರೆದು ಇಳಿಯುವ ಅವರ್‌ಗ್ಲಾಸ್‌ಗೆ ಕೇವಲ 10. ಆದರೆ ಹಾರಿಸಿ ಪಳಗಿದವರನ್ನು ಕೇಳಿದರೆ ಅನೇಕರು ಹೆದರುವುದು ಡಮರುವಿಗೇ. ನಿಯಮಪುಸ್ತಕವೂ ಸುಳ್ಳಲ್ಲ, ಅವರ ಮಾತೂ ಸುಳ್ಳಲ್ಲ. ಈ ಆಟದಲ್ಲಿ ಕಷ್ಟ ಎರಡು ಬಗೆಯದು. ಮೂಲೆ ತಿರುಗಿಸುವ ಕಷ್ಟ ಒಂದು, ತಂತಿಯನ್ನು ಬಿಗಿಯಾಗಿ ಉಳಿಸಿಕೊಳ್ಳುವ ಕಷ್ಟ ಇನ್ನೊಂದು. ಯಾವ ಕಸರತ್ತಿನಲ್ಲಿ ಯಾವ ಕಷ್ಟ ಎಷ್ಟಿದೆ ಎಂದು ತಿಳಿದರೆ ಅಭ್ಯಾಸದ ಅರ್ಧ ದಾರಿ ಸಾಗಿದ ಹಾಗೆ.

ಯಂತ್ರದ ವಿಚಾರ ಮೊದಲು. ಪೈಲಟ್ ಮೈದಾನದ ನಡುವೆ ನಿಂತಿರುತ್ತಾರೆ. ಅವರ ಕೈಯ ಹ್ಯಾಂಡಲ್‌ನಿಂದ ಎರಡು ಸಣ್ಣ ಉಕ್ಕಿನ ತಂತಿಗಳು ಹೊರಟು ಮಾದರಿ ವಿಮಾನದ ಎಡರೆಕ್ಕೆಯ ತುದಿಯಿಂದ ಒಳಹೋಗಿ, ಹೊಟ್ಟೆಯಲ್ಲಿರುವ ಬೆಲ್‌ಕ್ರಾಂಕ್ ಎಂಬ ತಿರುಗುಪಟ್ಟಿಗೆ ಸೇರುತ್ತವೆ. ತಂತಿಯ ದಪ್ಪ ಅರ್ಧ ಮಿಲಿಮೀಟರಿಗೂ ಕಡಿಮೆ. ಮಣಿಕಟ್ಟನ್ನು ಮೇಲಕ್ಕೆ ಬಾಗಿಸಿದರೆ ಮೇಲಿನ ತಂತಿ ಎಳೆಯುತ್ತದೆ, ಬೆಲ್‌ಕ್ರಾಂಕ್ ತಿರುಗಿ ಬಾಲದ ಎಲಿವೇಟರ್ ಏಳುತ್ತದೆ, ಮೂಗು ಮೇಲಾಗುತ್ತದೆ. ಕೆಳಕ್ಕೆ ಬಾಗಿಸಿದರೆ ಇದರ ಉಲ್ಟಾ. ಸ್ಟಂಟ್ ವಿಮಾನಗಳಲ್ಲಿ ರೆಕ್ಕೆಯ ಹಿಂಬದಿಗೆ ಫ್ಲ್ಯಾಪ್‌ಗಳೂ ಇರುತ್ತವೆ. ಎಲಿವೇಟರ್ ಎದ್ದಾಗ ಅವು ಇಳಿಯುತ್ತವೆ, ಹಾಗಾಗಿ ತಿರುವಿನ ಹೊತ್ತಿಗೆ ರೆಕ್ಕೆಗೆ ಹೆಚ್ಚಿನ ಎತ್ತುಬಲ ಸಿಗುತ್ತದೆ. ರೇಡಿಯೊ ಇಲ್ಲ, ಎಡಬಲ ತಿರುಗಿಸುವ ಹಿಡಿತವೂ ಇಲ್ಲ. ಪೈಲಟ್ ಕೈಯಲ್ಲಿರುವುದು ಮೇಲೆ, ಕೆಳಗೆ ಎರಡೇ. ಈ ಎರಡರಲ್ಲೇ ಚೌಕ, ತ್ರಿಕೋನ, ಎಂಟು, ನಾಲ್ಕು ದಳದ ಹೂವು ಎಲ್ಲವನ್ನೂ ಗಾಳಿಯಲ್ಲಿ ಬರೆಯಬೇಕು. ನನಗೆ ಈ ಆಟ ಇಷ್ಟವಾದದ್ದೇ ಈ ಕಟ್ಟುನಿಟ್ಟಿನಿಂದ.

ಅಮೆರಿಕದ ಒರೆಗಾನ್ ರಾಜ್ಯದಲ್ಲಿ ಜಿಮ್ ವಾಕರ್ ಎಂಬುವರು ಎರಡನೇ ಮಹಾಯುದ್ಧದ ಆಸುಪಾಸಿನಲ್ಲಿ ಫೈರ್‌ಬಾಲ್ ಎಂಬ ಮಾದರಿಯ ಮೂಲಕ ಈ ಆಟವನ್ನು ಜನಪ್ರಿಯ ಮಾಡಿದರು. ಜಾರ್ಜ್ ಆಲ್ಡ್ರಿಚ್ ವಿನ್ಯಾಸ ಮಾಡಿದ ನೋಬ್ಲರ್ 1950ರ ದಶಕದಲ್ಲಿ ಸ್ಟಂಟ್ ವಿಮಾನ ಹೇಗಿರಬೇಕೆಂಬುದಕ್ಕೆ ಅಚ್ಚು ಹಾಕಿಕೊಟ್ಟಿತು. ನಮ್ಮಲ್ಲಿಗೆ ಈ ವಿದ್ಯೆಯನ್ನು ಹೆಚ್ಚಾಗಿ ತಂದದ್ದು ಎನ್‌ಸಿಸಿ. ಅದರ ವಾಯುದಳ 1950ರಲ್ಲಿ ಶುರುವಾಯಿತು. ಏರೋಮಾಡೆಲಿಂಗ್ ಪಾಠದಲ್ಲಿ ಕಂಟ್ರೋಲ್ ಲೈನ್‌ಗೆ ಖಾಯಂ ಜಾಗವಿದೆ, ಅಖಿಲ ಭಾರತ ವಾಯು ಸೈನಿಕ ಶಿಬಿರದ ಸ್ಪರ್ಧೆಗಳಲ್ಲೂ ಅದು ಒಂದು ವಿಭಾಗ. ಆ ಶಿಬಿರ ಕೆಲವು ವರ್ಷ ನಮ್ಮ ಬೆಂಗಳೂರಿನ ಜಕ್ಕೂರಿನಲ್ಲೇ ನಡೆದದ್ದುಂಟು. ಕೆಡೆಟ್‌ಗಳ ಕೈಗೆ ಬರುತ್ತಿದ್ದದ್ದು ಡೀಸೆಲ್ ಎಂದು ಕರೆಯುವ ಪುಟ್ಟ ಎಂಜಿನ್ನು. ಈಥರ್, ಸೀಮೆಎಣ್ಣೆ, ಹರಳೆಣ್ಣೆ ಮೂರನ್ನೂ ಹೆಚ್ಚುಕಡಿಮೆ ಸಮಭಾಗ ಬೆರೆಸಿದರೆ ಅದರ ಇಂಧನ. ಆ ವಾಸನೆ ಒಮ್ಮೆ ಅಂಗಿಗೆ ಹತ್ತಿದರೆ ಎರಡು ಒಗೆತಕ್ಕೂ ಬಿಡದು.

ಬೆಂಗಳೂರಿನ ಕಂಟೋನ್ಮೆಂಟ್ ಮತ್ತು ಅದರ ಪೂರ್ವಕ್ಕಿರುವ ಭಾಗ ವಿಮಾನದ ಊರು. 1940ರ ಡಿಸೆಂಬರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ, ಅಂದರೆ ಇಂದಿನ ಎಚ್‌ಎಎಲ್, ಹುಟ್ಟಿದ್ದು ಇಲ್ಲಿ. ಡಾ. ವಿ. ಎಂ. ಘಾಟಗೆ ಅವರ ತಂಡ ರೂಪಿಸಿದ ಎಚ್‌ಟಿ-2 ತರಬೇತಿ ವಿಮಾನ 1951ರಲ್ಲಿ, ಮಾರುತ್ 1961ರಲ್ಲಿ, ತೇಜಸ್ 2001ರ ಜನವರಿ 4ರಂದು ಮೊದಲ ಸಲ ಎದ್ದದ್ದು ಎಚ್‌ಎಎಲ್ ರನ್‌ವೇಯಿಂದ. ಆ ರನ್‌ವೇ ಸ್ಟಂಟ್ ಹಾರಿಸುವವರಿಗೂ ಪಾಠ ಹೇಳುತ್ತದೆ. ಅದು ಪೂರ್ವ-ಪಶ್ಚಿಮವಾಗಿ ಮಲಗಿದೆ, ಏಕೆಂದರೆ ಇಲ್ಲಿಯ ಗಾಳಿ ಮುಂಗಾರಿನಲ್ಲಿ ಪಶ್ಚಿಮದ ಕಡೆಯಿಂದ, ಚಳಿಗಾಲದಲ್ಲಿ ಪೂರ್ವದ ಕಡೆಯಿಂದ ಬೀಸುತ್ತದೆ. ಹಲಸೂರಿನ ಮೈದಾನವಾಗಲಿ ಕೆ.ಆರ್. ಪುರದ ಬಯಲಾಗಲಿ, ಪೈಲಟ್ ಜೂನ್-ಜುಲೈನಲ್ಲಿ ಪೂರ್ವಕ್ಕೆ ಮುಖಮಾಡಿ, ಡಿಸೆಂಬರ್-ಜನವರಿಯಲ್ಲಿ ಪಶ್ಚಿಮಕ್ಕೆ ಮುಖಮಾಡಿ ಕಸರತ್ತು ಬರೆಯಬೇಕಾಗುತ್ತದೆ. ಗಾಳಿ ಬೆನ್ನಿಗಿರಬೇಕು, ವಿಮಾನ ಎದುರಿಗಿರಬೇಕು. ಹಾಗಿದ್ದರೆ ಗಾಳಿ ವಿಮಾನವನ್ನು ನಮ್ಮಿಂದ ದೂರಕ್ಕೆ ತಳ್ಳುತ್ತದೆ, ತಂತಿ ಬಿಗಿಯಾಗಿರುತ್ತದೆ. ಎದುರುಗಾಳಿಯ ಕಡೆ ಮಾಡಹೊರಟರೆ ಅದೇ ಗಾಳಿ ವಿಮಾನವನ್ನು ನಮ್ಮ ಮೇಲೆಯೇ ತರುತ್ತದೆ.

ಎತ್ತರದ ಲೆಕ್ಕವೂ ಇದೆ. ಎಚ್‌ಎಎಲ್ ವಿಮಾನನಿಲ್ದಾಣ ಸಮುದ್ರಮಟ್ಟದಿಂದ 888 ಮೀಟರ್ ಮೇಲಿದೆ. ಇಲ್ಲಿಯ ಗಾಳಿ ಮಂಗಳೂರಿನ ಗಾಳಿಗಿಂತ ಸುಮಾರು ಶೇ. 8ರಷ್ಟು ತೆಳು. ಅಂದರೆ ಅದೇ ವೇಗದಲ್ಲಿ ರೆಕ್ಕೆಗೆ ಶೇ. 8 ಕಡಿಮೆ ಎತ್ತುಬಲ, ಎಂಜಿನ್ನಿಗೂ ಅಷ್ಟೇ ಕಡಿಮೆ ಉಸಿರು. ಕರಾವಳಿಯಲ್ಲಿ ಚೆನ್ನಾಗಿ ಮೂಲೆ ತಿರುಗುತ್ತಿದ್ದ ವಿಮಾನ ಇಲ್ಲಿ ಸೋಮಾರಿಯಾದಂತೆ ತೋರಿದರೆ ಕೈಯನ್ನು ಬೈದುಕೊಳ್ಳಬೇಕಿಲ್ಲ. ವೇಗವನ್ನು ಶೇ. 4ರಷ್ಟು ಏರಿಸಿದರೆ, ಅಂದರೆ ಒಂದು ಸುತ್ತಿಗೆ 5.3 ಸೆಕೆಂಡ್ ಇದ್ದದ್ದನ್ನು 5.1ಕ್ಕೆ ತಂದರೆ, ಕಳೆದದ್ದು ಮರಳಿ ಬರುತ್ತದೆ.

ಈಗ ತಂತಿಯ ಬಿಗಿತದ ವಿಚಾರ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ಉಳಿದದ್ದೆಲ್ಲ ಇದರ ಮೇಲೇ ನಿಂತಿದೆ.

ನಿಯಮದ ಪ್ರಕಾರ ತಂತಿ 15ರಿಂದ 21.5 ಮೀಟರ್ ಉದ್ದವಿರಬಹುದು. ಲೆಕ್ಕಕ್ಕೆ 20 ಮೀಟರ್ ಇಟ್ಟುಕೊಳ್ಳೋಣ. ವಿಮಾನ 1.7 ಕಿಲೊ, ವೇಗ ಸೆಕೆಂಡಿಗೆ 24 ಮೀಟರ್. ತಂತಿಗೆ ಕಟ್ಟಿದ ವಿಮಾನ ಎಲ್ಲಿ ಹಾರಿದರೂ 20 ಮೀಟರ್ ತ್ರಿಜ್ಯದ ಒಂದು ಅರ್ಧಗೋಳದ ಮೈಮೇಲೇ ಹಾರಬೇಕು. ಹಾಗೆ ಗೋಳದ ಮೇಲೆ ಓಡುವ ವಸ್ತು ದುಂಡಗೆ ಹೋಗಲಿ, ಚೌಕಕ್ಕೆ ಹೋಗಲಿ, ಹೊರಕ್ಕೆ ಎಳೆಯುವ ಬಲ ಒಂದೇ: ವೇಗದ ವರ್ಗವನ್ನು ತಂತಿಯ ಉದ್ದದಿಂದ ಭಾಗಿಸಿದಷ್ಟು. ನಮ್ಮ ಲೆಕ್ಕದಲ್ಲಿ ಅದು ಗುರುತ್ವದ ಸುಮಾರು 2.9 ಪಟ್ಟು. ನೆಲಮಟ್ಟದಲ್ಲಿ ಸುತ್ತುವಾಗ ಕೈಗೆ 5 ಕಿಲೊ ಎಳೆತ ಬರುತ್ತದೆ. ಒಳ್ಳೆಯ ಎಳೆತ, ನಂಬಿ ಕೈ ಆಡಿಸಬಹುದು.

ವಿಮಾನ ನೆತ್ತಿಯ ಮೇಲೆ ಬಂದಾಗ ಅದರ ತೂಕ ತಂತಿಯ ಗುಂಟ ಕೆಳಕ್ಕೆ, ಅಂದರೆ ನಮ್ಮ ಕಡೆಗೇ ಎಳೆಯುತ್ತದೆ. 2.9ರಿಂದ ಪೂರಾ 1 ಕಳೆಯಬೇಕು. ಇಷ್ಟೇ ಆಗಿದ್ದರೆ ತೊಂದರೆ ಇರಲಿಲ್ಲ. ಆದರೆ ಏರುವಾಗ ವೇಗ ತಗ್ಗುತ್ತದೆ, ಎಳೆತ ವೇಗದ ವರ್ಗದಂತೆ ತಗ್ಗುತ್ತದೆ. ವೇಗ 20ಕ್ಕೆ ಇಳಿದರೆ ಕೈಗೆ ಸಿಗುವುದು 1.8 ಕಿಲೊಗೂ ಕಡಿಮೆ. 17ಕ್ಕೆ ಇಳಿದರೆ 800 ಗ್ರಾಂ. 14ಕ್ಕೆ ಇಳಿದರೆ ಸೊನ್ನೆ. ಎಂಜಿನ್ ಏನೂ ಎಳೆಯದೆ, ಬರೀ ಹಳೇ ವೇಗದಲ್ಲೇ ವಿಮಾನ ಒಂದೂವರೆ ಮೀಟರಿನಿಂದ 20 ಮೀಟರಿಗೆ ಏರಿತು ಎಂದುಕೊಳ್ಳಿ, ಗಾಳಿಯ ತಡೆಯನ್ನು ಬಿಟ್ಟರೂ ತುದಿಯಲ್ಲಿ ಅದಕ್ಕೆ ಉಳಿಯುವ ವೇಗ ಸುಮಾರು 14.6 ಮೀಟರ್. ತಡೆಯನ್ನು ಸೇರಿಸಿದರೆ ಹದಿನಾಲ್ಕಕ್ಕೂ ಕೆಳಗೆ. ನೆತ್ತಿಯ ಮೇಲೆ ತಂತಿ ಬಿಗಿಯಾಗಿರುವುದು ಪೂರ್ತಿ ಎಂಜಿನ್ನಿನ ದುಡಿಮೆಯಿಂದ. ತಂತಿ ಸಡಿಲಾದ ಕ್ಷಣ ಹ್ಯಾಂಡಲ್ ಎಷ್ಟು ತಿರುಗಿಸಿದರೂ ಎಲಿವೇಟರ್ ಅಲುಗುವುದಿಲ್ಲ. ಆಗ ಉಳಿಯುವ ದಾರಿ ಒಂದೇ. ವಿಮಾನ ಇರುವ ಕಡೆಯಿಂದ ಹಿಂದಕ್ಕೆ ಓಡುತ್ತಾ ತಂತಿಯನ್ನು ಮತ್ತೆ ಬಿಗಿ ಮಾಡಬೇಕು.

ಇದಕ್ಕಾಗಿಯೇ ಸ್ಟಂಟ್ ಎಂಜಿನ್ನನ್ನು ಒಂದು ವಿಶೇಷ ಹದದಲ್ಲಿ ಇಡುತ್ತಾರೆ. ಮಟ್ಟದ ಹಾರಾಟದಲ್ಲಿ ಇಂಧನ ಹೆಚ್ಚಾಗಿ ಎರಡು ಸುತ್ತಿಗೊಮ್ಮೆ ಸಿಡಿಯುತ್ತಾ ಗೊರಗೊರ ಓಡುವ ಎಂಜಿನ್, ಮೂಗು ಎತ್ತಿದೊಡನೆ ಪ್ರತಿ ಸುತ್ತಿಗೂ ಸಿಡಿದು ಕಿರುಚುತ್ತಾ ಬಲ ಕೊಡುತ್ತದೆ. ಇಳಿಯುವಾಗ ಮತ್ತೆ ಗೊರಗೊರಕ್ಕೆ ಮರಳುತ್ತದೆ. ಈಗ ಬ್ಯಾಟರಿ ಮೋಟಾರು ಬಳಸುವವರು ಸುತ್ತಿನ ವೇಗ ಬದಲಾಗದಂತೆ ಕಾಯುವ ಗವರ್ನರ್ ಹಾಕುತ್ತಾರೆ. ಹೊರೆ ಹೆಚ್ಚಾದಾಗ ತಾನೇ ವಿದ್ಯುತ್ ಸೆಳೆದುಕೊಳ್ಳುತ್ತದೆ. ಹೊಸಬರಿಗೆ ನನ್ನ ಸಲಹೆ ಮೋಟಾರೇ. ಎಂಜಿನ್ ಹದ ಕಲಿಯುವ ಹೊತ್ತಿನಲ್ಲಿ ಕೈಯ ಹದ ಕಲಿಯಬಹುದು.

ಇನ್ನು ಮೂಲೆಯ ಕಷ್ಟ. ಚೌಕ ಲೂಪಿನ ತಳ ನೆಲದಿಂದ 1.5 ಮೀಟರಿನಲ್ಲಿ, ತಲೆ 45 ಡಿಗ್ರಿ ಎತ್ತರದಲ್ಲಿ ಇರಬೇಕು. ತಳದಲ್ಲಿ 30 ಸೆಂಟಿಮೀಟರ್ ಹೆಚ್ಚುಕಡಿಮೆಯಾದರೆ ಮಾಫಿ, ಅದಕ್ಕಿಂತ ಹೆಚ್ಚಾದರೆ ಅಂಕ ಹೋಗುತ್ತದೆ. 20 ಮೀಟರ್ ತಂತಿಯಲ್ಲಿ ಚೌಕದ ಒಂದು ಬದಿ ಸುಮಾರು 14 ಮೀಟರ್, ದಾಟಲು 0.6 ಸೆಕೆಂಡ್. ಮೂಲೆಯನ್ನು 5 ಮೀಟರ್ ತ್ರಿಜ್ಯದಲ್ಲಿ ತಿರುಗಿಸಿದರೂ ವಿಮಾನದ ಮೇಲೆ ಗುರುತ್ವದ ಸುಮಾರು 12 ಪಟ್ಟು ಬಲ ಬೀಳುತ್ತದೆ, ರೆಕ್ಕೆ ಅಷ್ಟು ಎತ್ತುಬಲ ಹುಟ್ಟಿಸಬೇಕು. ಹಗುರಾದ, ಅಗಲ ರೆಕ್ಕೆಯ, ಫ್ಲ್ಯಾಪ್ ಇರುವ ಸ್ಟಂಟ್ ವಿಮಾನಕ್ಕೆ ಅದು ಹೆಚ್ಚುಕಡಿಮೆ ಕೊನೆಯ ಮಿತಿ. ಅಮೆರಿಕದ ನಿಯಮಪುಸ್ತಕದಲ್ಲಿ ಬರೆದಿರುವುದು 5 ಅಡಿ ತ್ರಿಜ್ಯ. ಆ ವೇಗದಲ್ಲಿ ಅಷ್ಟು ಬಿಗಿ ಮೂಲೆಗೆ ಗುರುತ್ವದ 39 ಪಟ್ಟು ಬೇಕಾದೀತು, ಅದನ್ನು ಯಾರೂ ತಿರುಗಿಸುವುದಿಲ್ಲ, ತಿರುಗಿಸಲಾಗದು. ತೀರ್ಪುಗಾರರ ಕಣ್ಣಿಗೆ ಚೂಪಾಗಿ ಕಾಣುವಂತೆ ತಿರುಗಿಸುವುದೇ ಕಲೆ.

ಹಾಗೆ ಕಾಣಿಸುವ ಗುಟ್ಟು ಮೂಲೆಗಿಂತ ಹೆಚ್ಚಾಗಿ ಅದರ ಕೊನೆಯಲ್ಲಿದೆ. ಹದಿನಾಲ್ಕು ಮೀಟರಿನ ಬದಿಯಲ್ಲಿ ಎರಡೂ ತುದಿಯ ಮೂಲೆಗಳಿಗೆ ಐದೈದು ಮೀಟರ್ ಹೋದರೆ ನೇರ ಹಾರಾಟಕ್ಕೆ ಉಳಿಯುವುದು ನಾಲ್ಕು ಮೀಟರ್, ಸೆಕೆಂಡಿನ ಆರನೇ ಒಂದು ಪಾಲು. ಆ ತುಣುಕು ಗೆರೆ ಎಳೆದಂತೆ ನೇರವಾಗಿದ್ದರೆ ನೋಡುವವರ ಮನಸ್ಸು ಉಳಿದದ್ದನ್ನು ಚೌಕವೆಂದು ತಾನೇ ಪೂರ್ತಿ ಮಾಡಿಕೊಳ್ಳುತ್ತದೆ. ಮೂಲೆಯ ನಂತರ ಮೂಗು ಒಂದು ಸಲ ಕುಣಿದರೆ, ಅದನ್ನು ಸರಿಮಾಡಲು ಕೈ ಮತ್ತೆ ಆಡಿದರೆ, ನಾಲ್ಕು ಮೀಟರೂ ಹೋಯಿತು. ಹಾಗಾಗಿ ಕೈ ಬಾಗಿಸುವುದಕ್ಕಿಂತ ಕೈಯನ್ನು ಸರಿಯಾದ ಜಾಗಕ್ಕೆ ಮರಳಿ ತಂದು ನಿಲ್ಲಿಸುವುದು ಕಷ್ಟ. ಮೊಣಕೈಯನ್ನು ಹೆಚ್ಚು ಆಡಿಸದೆ, ಮಣಿಕಟ್ಟಿನಲ್ಲಿ ಚುರುಕಾಗಿ ಕೊಟ್ಟು ಚುರುಕಾಗಿ ಹಿಂತೆಗೆಯಬೇಕು.

ತ್ರಿಕೋನಕ್ಕೆ ಚೌಕಕ್ಕಿಂತ ಹೆಚ್ಚು ಗುಣಕ ಏಕೆಂದರೆ ಪ್ರತಿ ಮೂಲೆಯಲ್ಲೂ 90ರ ಬದಲು 120 ಡಿಗ್ರಿ ತಿರುಗಬೇಕು. ಅಷ್ಟು ಹೊತ್ತು ರೆಕ್ಕೆಯನ್ನು ಮಿತಿಯಲ್ಲಿ ಹಿಡಿದರೆ ವೇಗ ಸೋರುತ್ತದೆ. ಕೊನೆಯ ಮೂಲೆಯಂತೂ ಇಳಿಯುತ್ತಾ ಬಂದು ನೆಲದ ಮೇಲೆ ಒಂದೂವರೆ ಮೀಟರಿನಲ್ಲಿ ಮುಗಿಯಬೇಕು.

ಚೌಕದ ಎಂಟಿಗೆ 18 ಏಕೆಂದು ಈಗ ತಿಳಿಯುತ್ತದೆ. ಪೈಲಟ್‌ಗೆ ವಿಮಾನ ಬಲದಿಂದ ಎಡಕ್ಕೆ ಹೋಗುತ್ತಿರುವಂತೆ ಕಾಣುತ್ತದೆ. ಬಲಗಡೆಯ ಚೌಕವನ್ನು ಕೈ ಮೇಲೆತ್ತಿ ಬರೆಯಬೇಕು, ಎಡಗಡೆಯದನ್ನು ಕೈ ಕೆಳಗೊತ್ತಿ ಬರೆಯಬೇಕು. ಎರಡಕ್ಕೂ ನಡುವಿನ ನೆಟ್ಟನೆಯ ಗೆರೆ ಒಂದೇ, ಅದರ ಮೇಲೆ ಪ್ರತಿ ಸಲ ಅದೇ ಜಾಗದಲ್ಲಿ ಏರಬೇಕು. ಎರಡು ಎಂಟುಗಳಿಗೆ ಮೂಲೆಗಳು ಹದಿನಾರಕ್ಕೆ ಕಡಿಮೆಯಿಲ್ಲ, ಅದರಲ್ಲಿ ಅರ್ಧ ಕೈ ಮೇಲೆತ್ತುವ ಎಳೆ ಮೂಲೆಗಳು, ಅರ್ಧ ಕೈ ಕೆಳಗೊತ್ತುವ ಒತ್ತು ಮೂಲೆಗಳು. ಮನುಷ್ಯನ ಮಣಿಕಟ್ಟು ಮೇಲಕ್ಕೂ ಕೆಳಕ್ಕೂ ಒಂದೇ ಸಮ ಬಾಗುವುದಿಲ್ಲ, ವಿಮಾನವೂ ಎರಡೂ ಕಡೆಗೆ ಒಂದೇ ಸಮ ತಿರುಗುವುದು ಅಪರೂಪ. ಬಲಚೌಕ ಚಿಕ್ಕದಾಗಿ ಎಡಚೌಕ ದೊಡ್ಡದಾದರೆ ದೂರದಿಂದಲೂ ಕಾಣುತ್ತದೆ. ಎಡಚೌಕದ ತಳವನ್ನು ವಿಮಾನ ಹೊಟ್ಟೆ ಮೇಲಾಗಿ ದಾಟುತ್ತದೆ, ಆಗ ಎಲಿವೇಟರ್ ಎತ್ತಿದರೆ ನೆಲ, ಒತ್ತಿದರೆ ಆಕಾಶ. ಇಷ್ಟನ್ನೂ ಇಪ್ಪತ್ತು ಸೆಕೆಂಡಿನೊಳಗೆ ಮುಗಿಸಬೇಕು. ಇಲ್ಲಿ ತಂತಿಯ ಭಯ ಕಡಿಮೆ, 45 ಡಿಗ್ರಿಯವರೆಗೆ ಎಳೆತ ಚೆನ್ನಾಗಿಯೇ ಇರುತ್ತದೆ. ಭಯಕ್ಕಿಂತ ಹೆಚ್ಚಾಗಿ ಇದು ನಿಖರತೆಯನ್ನು ಕೇಳುತ್ತದೆ.

ಎರಡೂ ಕಡೆ ಸಮ ಮಾಡಲು ಮೊದಲು ವಿಮಾನವನ್ನೇ ತಿದ್ದಿ. ಹ್ಯಾಂಡಲ್‌ನಲ್ಲಿ ಮೇಲಿನ ತಂತಿ, ಕೆಳಗಿನ ತಂತಿ ಕಟ್ಟಿದ ದೂರವನ್ನು ಬೇರೆಬೇರೆಯಾಗಿ ಹೊಂದಿಸಬಹುದು. ಒತ್ತಿನ ಮೂಲೆ ಮಂದವಾಗಿದ್ದರೆ ಕೆಳಗಿನ ತಂತಿಯನ್ನು ಸ್ವಲ್ಪ ದೂರ ಸರಿಸಿದರೆ ಸಾಕಾಗಬಹುದು. ಹೊರರೆಕ್ಕೆಯ ತುದಿಯಲ್ಲಿ ಇಟ್ಟ ಸೀಸದ ತೂಕವನ್ನೂ ನೋಡಬೇಕು. ತಂತಿಯ ಭಾರವನ್ನು ಸರಿದೂಗಿಸಲು ಅದು ಬೇಕೇ ಬೇಕು, ಆದರೆ ಅತಿಯಾದರೆ ಬಿಗಿ ಮೂಲೆಯಲ್ಲಿ ಹೊರರೆಕ್ಕೆ ಹಿಂದುಳಿದು ವಿಮಾನ ಬಾಗಿಲಿನಂತೆ ಓರೆಯಾಗುತ್ತದೆ. ಒಂದೊಂದು ಗ್ರಾಂ ತೆಗೆಯುತ್ತಾ ನೋಡಿ. ಕಷ್ಟವೆಂದು ಕೈಯ ಮೇಲೆ ಹೊರಿಸಿದ್ದರಲ್ಲಿ ದೊಡ್ಡ ಪಾಲು ಈ ಸೀಸದ ಚೂರಿನಲ್ಲಿರುತ್ತದೆ.

ಡಮರುವಿಗೆ ಬರೋಣ. ಮಟ್ಟದಲ್ಲಿ ಎಡಕ್ಕೆ ಬರುವ ವಿಮಾನವನ್ನು ನೆಟ್ಟಗಿಂತಲೂ ಹೆಚ್ಚು, ಸುಮಾರು 120 ಡಿಗ್ರಿ ಎಳೆದು, ಬಲಕ್ಕೆ ಓರೆಯಾಗಿ ಹೊಟ್ಟೆ ಮೇಲಾಗಿ ಏರಿಸಬೇಕು. 45 ಡಿಗ್ರಿಯ ಹತ್ತಿರ ಡಮರುವಿನ ನಡು. ಅಲ್ಲಿಂದ ಮುಂದೆ ನೆತ್ತಿಯ ಹತ್ತಿರ ತಲುಪಿದಾಗ ಕೈ ಒತ್ತಿ ಮತ್ತೆ 120 ಡಿಗ್ರಿ, ನೆತ್ತಿಯ ಮೇಲೆ ಎಡಕ್ಕೆ ಒಂದು ಗೆರೆ, ಮತ್ತೆ ಒತ್ತಿ ಕೆಳಮುಖ, ಹಳೇ ಗೆರೆಯನ್ನು ನಡುವಿನಲ್ಲೇ ಅಡ್ಡಹಾಯ್ದು ಬಲಕ್ಕೆ ಇಳಿದು, ಕೊನೆಗೆ ಎಳೆದು ಮಟ್ಟ. ನಾಲ್ಕೇ ಮೂಲೆ: ಎಳೆ, ಒತ್ತು, ಒತ್ತು, ಎಳೆ. ಉಳಿದ ಹಲವು ಕಸರತ್ತುಗಳಂತೆ ಎರಡು ಸಲ ಮಾಡುವಂತಿಲ್ಲ, ಇದು ಒಂದೇ ಸಲ. ಮೊದಲ ಸುತ್ತಿನಲ್ಲಿ ನೋಡಿಕೊಂಡು ಎರಡನೆಯದರಲ್ಲಿ ತಿದ್ದುವ ಅವಕಾಶವೇ ಇಲ್ಲ.

ಕಷ್ಟಗಳೆಲ್ಲ ಇಲ್ಲಿ ಒಟ್ಟಿಗೆ ಬರುತ್ತವೆ. ಮೊದಲ ಮೂಲೆಯಲ್ಲಿ ವೇಗ ಸೋರುತ್ತದೆ, ಉದ್ದನೆಯ ಏರಿನಲ್ಲಿ ಇನ್ನಷ್ಟು ಸೋರುತ್ತದೆ, ಎಳೆತ ಅತ್ಯಂತ ಕಡಿಮೆ ಇರುವ ಜಾಗದಲ್ಲೇ ಎರಡು ಚೂಪು ಮೂಲೆಗಳನ್ನು ತಿರುಗಿಸಬೇಕು. ಜೊತೆಗೆ ಕಣ್ಣಿನ ತೊಡಕು. ಎದುರಿಗೆ ಮರ, ಕಟ್ಟಡ, ದಿಗಂತ ಇದ್ದಾಗ ಗೆರೆ ನೇರವಿದೆಯೇ ಎಂದು ಹೋಲಿಸಿ ನೋಡಬಹುದು. ನೆತ್ತಿಯ ಮೇಲೆ ಬರೀ ಆಕಾಶ. ಕುತ್ತಿಗೆ ಹಿಂದಕ್ಕೆ ಬಾಗಿದೆ, ಹ್ಯಾಂಡಲ್ ತಲೆಯ ಮೇಲಿದೆ, ಎಡ ಯಾವುದು ಬಲ ಯಾವುದು ಎಂಬುದೇ ಒಂದು ಕ್ಷಣ ತಪ್ಪಿಹೋಗುತ್ತದೆ. ಅನೇಕರ ಡಮರು ಮೇಲೆ ಕಿರಿದಾಗಿ ಕೆಳಗೆ ಅಗಲವಾಗುವುದು ಇದಕ್ಕೇ. ಮೇಲಿನ ಗೆರೆಯನ್ನು ಕಾಯಲು ಧೈರ್ಯ ಸಾಲದೆ ಬೇಗ ಇಳಿಸಿಬಿಡುತ್ತಾರೆ.

ತಲೆಯ ಮೇಲಿನ ಎಂಟಿನಲ್ಲೂ ಇದೇ ಕಣ್ಣಿನ ತೊಡಕು. ಅದರ ನಡುವಿನ ಬಿಂದು ಸರಿಯಾಗಿ ನೆತ್ತಿಯ ಮೇಲಿರಬೇಕು, ಎಡಬಲದ ದುಂಡುಗಳು 45 ಡಿಗ್ರಿಯವರೆಗೆ ಇಳಿದು ಬರಬೇಕು. ಮೂಲೆಗಳಿಲ್ಲದ್ದರಿಂದ ವೇಗ ಅಷ್ಟು ಸೋರುವುದಿಲ್ಲ. ನೆಟ್ಟನೆಯ ಎಂಟು ಅದಕ್ಕಿಂತ ತುಸು ಸುಲಭ, ನಾಲ್ಕು ದಳದ ಹೂವು ಉದ್ದವಾಗಿದ್ದರೂ ಉಸಿರು ತೆಗೆದುಕೊಳ್ಳಲು ನೇರ ಗೆರೆಗಳು ಸಿಗುತ್ತವೆ.

ಇವೆಲ್ಲಕ್ಕೂ ಮೊದಲು ಬರುವ ರಿವರ್ಸ್ ವಿಂಗೋವರ್ ಹೊಸಬರಿಂದ ಹೆಚ್ಚು ವಿಮಾನ ಒಡೆಸುವ ಕಸರತ್ತು ಎಂದು ನನ್ನ ಅಂದಾಜು. ವಿಮಾನ ನೆಟ್ಟಗೆ ಏರಿ, ನೆತ್ತಿಯ ಮೇಲೆ ಹಾದು, ಆಚೆ ಕಡೆ ನೆಟ್ಟಗೆ ಇಳಿದು, ಕೈ ಒತ್ತಿದಾಗ ಹೊಟ್ಟೆ ಮೇಲಾಗಿ ಮಟ್ಟಕ್ಕೆ ಬರಬೇಕು. ನೆಲಕ್ಕೆ ಧುಮುಕುತ್ತಿರುವ ವಿಮಾನವನ್ನು ಕಂಡಾಗ ಮನುಷ್ಯನ ಕೈ ತಾನಾಗಿ ಮೇಲೆತ್ತುತ್ತದೆ. ಇಲ್ಲಿ ಒತ್ತಬೇಕು. ಗಾಳಿ ಇದ್ದ ದಿನ ಏರಿಕೆಯನ್ನು ಗಾಳಿ ಬರುವ ಕಡೆಯಿಂದ ಶುರುಮಾಡಬೇಕು, ಆಗ ಇಳಿತ ಗಾಳಿ ಹೋಗುವ ಕಡೆ ಆಗುತ್ತದೆ, ತಂತಿ ಬಿಗಿಯಾಗುತ್ತದೆ. ಉಳಿದ ಕಸರತ್ತುಗಳಿಗೆ ಇದೊಂದು ಅಪವಾದ.

ಗಾಳಿ ಹೆಚ್ಚಿದ್ದ ದಿನ ಸಾಲುಸಾಲು ಲೂಪ್‌ಗಳಲ್ಲಿ ವೇಗ ಒಂದರಿಂದ ಒಂದಕ್ಕೆ ಏರುತ್ತಾ ಹೋಗುತ್ತದೆ, ಮೂರನೆಯದರ ಹೊತ್ತಿಗೆ ಕೈ ಕಿತ್ತುಹೋಗುವಂತೆ ಎಳೆಯುತ್ತದೆ. ನಮ್ಮೂರಿನಲ್ಲಿ ಅಕ್ಟೋಬರಿನಿಂದ ಫೆಬ್ರುವರಿವರೆಗಿನ ಬೆಳಗಿನ ಹೊತ್ತು ಕಲಿಯುವವರಿಗೆ ಹೇಳಿಮಾಡಿಸಿದ್ದು. ಏಪ್ರಿಲ್-ಮೇ ಮಧ್ಯಾಹ್ನ ಗುಡುಗಿನ ಸದ್ದು ದೂರದಲ್ಲಿ ಕೇಳಿದರೂ ಹ್ಯಾಂಡಲ್ ಕೆಳಗಿಡಿ. ಕೈಯಲ್ಲಿರುವುದು ಇಪ್ಪತ್ತು ಮೀಟರ್ ಉದ್ದದ ಉಕ್ಕು. ವಿದ್ಯುತ್ ತಂತಿಯ ವಿಚಾರ ಇನ್ನೂ ಗಂಭೀರ. ವೃತ್ತದ ಹತ್ತಿರ ಬೆಸ್ಕಾಂ ಲೈನ್ ಇದ್ದರೆ, ಕೆ.ಆರ್. ಪುರದ ಕಡೆಯಂತೆ 25 ಸಾವಿರ ವೋಲ್ಟಿನ ರೈಲು ತಂತಿ ಇದ್ದರೆ ಆ ಜಾಗ ಬೇಡವೇ ಬೇಡ. ಕಂಟೋನ್ಮೆಂಟಿನಲ್ಲಿ ಸೇನೆಯ ನೆಲ, ಎಚ್‌ಎಎಲ್ ಸುತ್ತ ಹಾರಾಟದ ನಿರ್ಬಂಧ ಇರುವುದರಿಂದ ಮೈದಾನದವರ ಒಪ್ಪಿಗೆಯ ಜೊತೆ ಪೊಲೀಸರ ಅನುಮತಿಯನ್ನೂ ಕೇಳಿಯೇ ಹೊರಡಿ. ಬೇಕಾದ ಜಾಗವೇನೂ ದೊಡ್ಡದಲ್ಲ. ಅಡ್ಡಕ್ಕೆ 50 ಮೀಟರ್ ಬಯಲು ಸಾಕು, ಕ್ರಿಕೆಟ್ ಮೈದಾನದಲ್ಲಿ ಆರಾಮಾಗಿ ಹಿಡಿಯುತ್ತದೆ. ನೋಡಲು ಬಂದ ಮಕ್ಕಳನ್ನು ವೃತ್ತದ ಹೊರಗೆ ಕೂರಿಸಲು ಒಬ್ಬರಿರಲಿ. ಹಾರಿಸುವ ಮುನ್ನ ವಿಮಾನದ ತೂಕದ ಹತ್ತುಪಟ್ಟು ಎಳೆದು ತಂತಿ ಪರೀಕ್ಷಿಸಬೇಕು, ಅಂದರೆ 1.7 ಕಿಲೊ ವಿಮಾನಕ್ಕೆ 17 ಕಿಲೊ. ಹ್ಯಾಂಡಲ್ ಜಾರಿದರೂ ಬಿಡದಂತೆ ಮಣಿಕಟ್ಟಿಗೆ ಪಟ್ಟಿ ಕಡ್ಡಾಯ.

ಅಭ್ಯಾಸವನ್ನು ನೆಲದ ಮೇಲೆ ಶುರುಮಾಡಿ. ಒಂದು ಕೋಲಿನ ತುದಿಗೆ ರಟ್ಟಿನ ಪುಟ್ಟ ವಿಮಾನ ಸಿಕ್ಕಿಸಿ, ಮನೆಯ ತಾರಸಿಯಲ್ಲಿ ನಿಂತು ಇಡೀ ಪ್ಯಾಟರ್ನ್, ಅಂದರೆ ಕಸರತ್ತುಗಳ ಪೂರ್ತಿ ಸರಣಿಯನ್ನು, ನಿಧಾನವಾಗಿ ಬರೆಯಿರಿ. ಪ್ರತಿ ಮೂಲೆಯಲ್ಲೂ ಎಳೆ, ಒತ್ತು ಎಂದು ಬಾಯಿಬಿಟ್ಟು ಹೇಳಿ. ವಿಶ್ವಮಟ್ಟದ ಪೈಲಟ್‌ಗಳೂ ಹಾರಾಟದ ಮೊದಲು ಹೀಗೆ ಮಾಡುತ್ತಾರೆ. ಮೈದಾನದಲ್ಲಿ ಗಾಳಿ ಹೋಗುವ ದಿಕ್ಕಿಗೆ ಒಂದು ಮರವೋ ಕಂಬವೋ ನಡುಗುರುತಾಗಿ ಇರಲಿ. ಕಾಲು ಆ ಕಡೆಗೆ ನೆಟ್ಟು, ಕಸರತ್ತು ಮುಗಿಯುವವರೆಗೆ ಕದಲಿಸಬೇಡಿ. ಕಣ್ಣು ವಿಮಾನದ ಹಿಂದೆ ಓಡದೆ, ಮುಂದಿನ ಮೂಲೆ ಎಲ್ಲಿ ಬೀಳಬೇಕೋ ಅಲ್ಲಿ ಕಾಯಬೇಕು. ಗಾಳಿ ಬರುವ ಕಡೆ, ವೃತ್ತದ ಹೊರಗೆ, ತೀರ್ಪುಗಾರರು ಕೂರುವ ಜಾಗದಲ್ಲಿ ಮೊಬೈಲನ್ನು ಸ್ಟ್ಯಾಂಡಿಗೆ ಹಾಕಿ ಚಿತ್ರೀಕರಿಸಿ. ನಡುವಿನಿಂದ ನೋಡಿದ ಚೌಕಕ್ಕೂ ಅಲ್ಲಿಂದ ಕಂಡ ಚೌಕಕ್ಕೂ ಎಷ್ಟು ಅಂತರ ಎಂದು ಆಗ ಗೊತ್ತಾಗುತ್ತದೆ.

ಡಮರುವನ್ನು ತುಂಡುತುಂಡಾಗಿ ಕಲಿಯಬಹುದು. ಹೊಟ್ಟೆ ಮೇಲಾದ ಹಾರಾಟ ಕೈಗೆ ಹತ್ತುವ ಮುನ್ನ ಅದರ ಹತ್ತಿರ ಹೋಗಬೇಡಿ. ಅದು ಬಂದಮೇಲೆ ಬರೀ ನೆತ್ತಿಯ ಮೇಲೆ ಹಾಯುವ ವಿಂಗೋವರ್ ಮಾಡಿ, ತುದಿಯಲ್ಲಿ ಎಳೆತ ಎಷ್ಟು ಉಳಿಯುತ್ತದೆ ಎಂದು ಬೆರಳಿನಲ್ಲಿ ಓದಿ. ಆ ಎಳೆತ ಸಾಲದೆ ಇದ್ದರೆ ಡಮರು ಬಿಟ್ಟು ಎಂಜಿನ್ ಹದವನ್ನೋ ಪ್ರೊಪೆಲ್ಲರನ್ನೋ ತಿದ್ದಿ. ನಂತರ ದುಂಡಗಿನ ಮೂಲೆಗಳಲ್ಲಿ ಇಡೀ ಆಕಾರ, ಎಳೆತ ನಂಬಿಕೆ ಕೊಟ್ಟಷ್ಟೇ ಮೂಲೆಗಳನ್ನು ಚೂಪು ಮಾಡುತ್ತಾ ಬನ್ನಿ. ಪ್ರತಿ ಒಳಲೂಪ್ ತಂತಿಗಳನ್ನು ಒಂದು ಸುತ್ತು ಹೆಣೆಯುತ್ತದೆ, ಪ್ರತಿ ಹೊರಲೂಪ್ ಒಂದು ಸುತ್ತು ಬಿಡಿಸುತ್ತದೆ. ಪ್ಯಾಟರ್ನ್‌ನಲ್ಲಿ ಇವು ಬಹುಮಟ್ಟಿಗೆ ಸರಿದೂಗುವಂತೆ ಜೋಡಿಸಿದ್ದಾರೆ, ಆದರೆ ಅಭ್ಯಾಸದಲ್ಲಿ ಒಂದೇ ಬಗೆಯ ಲೂಪನ್ನು ಮತ್ತೆಮತ್ತೆ ಮಾಡಿದರೆ ತಂತಿ ಹೆಣೆದು ಕೈ ಭಾರವಾಗುತ್ತದೆ. ಆಗಾಗ ವಿರುದ್ಧ ಲೂಪ್ ಹಾಕಿ ಬಿಡಿಸಿಕೊಳ್ಳಿ. ತಂತಿಯನ್ನು ಪ್ರತಿ ಸಲ ಒರೆಸಿ, ಧೂಳೂ ಹರಳೆಣ್ಣೆಯೂ ಕೂಡಿದರೆ ಅವು ಒಂದರ ಮೇಲೊಂದು ಜಾರುವುದಿಲ್ಲ.

ಇಂಧನವನ್ನೂ ಅಳೆದು ಹಾಕಬೇಕು. ಅಂತಾರಾಷ್ಟ್ರೀಯ ನಿಯಮದಲ್ಲಿ ಎಲ್ಲಕ್ಕೂ ಸೇರಿ 7 ನಿಮಿಷ. ಕೊನೆಯ ಕಸರತ್ತು ಹೂವು, ಅದು ಮುಗಿದು ಕೆಲವು ಸುತ್ತು ಹಾರಿ ಎಂಜಿನ್ ತಾನಾಗಿ ನಿಲ್ಲಬೇಕು. ಹೂವಿನ ನಡುವೆಯೇ ನಿಂತರೆ ವಿಮಾನ ನೆತ್ತಿಯ ಹತ್ತಿರದಿಂದ ತಂತಿ ಸಡಿಲಾಗಿ ಬೀಳುತ್ತದೆ. ಸಮಯ ಮೀರಿದ ಮೇಲೆ ನಿಂತರೆ ಇಳಿಸುವಿಕೆಗೆ ಅಂಕವೇ ಇಲ್ಲ. ಎಂಜಿನ್ ನಿಂತಮೇಲೆ ಹೆಜ್ಜೆ ಹಿಂದಿಡುತ್ತಾ ತಂತಿ ಬಿಗಿಯಾಗಿಟ್ಟು, ಮೂಗು ತುಸು ಎತ್ತಿ, ಚಕ್ರಗಳು ಪುಟಿಯದಂತೆ ನೆಲಕ್ಕೆ ತಾಗಿಸಬೇಕು. ಇದನ್ನು ಪ್ರತ್ಯೇಕವಾಗಿ ಅಭ್ಯಾಸ ಮಾಡುವವರು ಕಡಿಮೆ. ಇಳಿಸುವಿಕೆಯ ಗುಣಕ 5, ಮೂರು ದುಂಡು ಲೂಪ್‌ಗಳದ್ದು 6.